ತಡವಾದ ತೆರಿಗೆ ರೀಫಂಡ್: ಕಡತ ಈಗ ಯಾರ ಕೈಯಲ್ಲಿದೆ?

2026ರ ಜನವರಿಯ ಒಂದು ಸಂಜೆ ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಹಿಂದಿನ ಹಣಕಾಸು ವರ್ಷದಲ್ಲಿ ಬಡ್ಡಿಯಲ್ಲಿ ತೆರಿಗೆ ಕಡಿಯಬೇಡಿ ಎಂದು ಹಿರಿಯ ನಾಗರಿಕರು ಬ್ಯಾಂಕಿಗೆ ಕೊಡುವ 15ಎಚ್ ಅರ್ಜಿ ಸಲ್ಲಿಸುವುದನ್ನು ಅವರು ಮರೆತಿದ್ದರು. ಹಾಗಾಗಿ ಠೇವಣಿಯ ಮೇಲೆ ಬಂದ 3,10,000 ರೂಪಾಯಿ ಬಡ್ಡಿಯಲ್ಲಿ ಶೇ 10ರಂತೆ 31,000 ರೂಪಾಯಿ ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಕಡಿತವಾಗಿತ್ತು. ಪಿಂಚಣಿ, ಬಡ್ಡಿ ಎರಡನ್ನು ಕೂಡಿದರೂ ಅವರ ವರಮಾನ ಏಳು ಲಕ್ಷ ಮುಟ್ಟುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ ಅವರು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿರಲಿಲ್ಲ. ಆಗಸ್ಟ್‌ನಲ್ಲಿ ರಿಟರ್ನ್ ಸಲ್ಲಿಸಿ, ಅಂದಿನಿಂದ ಬ್ಯಾಂಕಿನ ಸಂದೇಶಕ್ಕಾಗಿ ಕಾಯುತ್ತಿದ್ದರು. “ನನ್ನ ದುಡ್ಡು ನನಗೆ ಕೊಡುವುದಕ್ಕೆ ಇಷ್ಟು ತಿಂಗಳು ಬೇಕೇನಪ್ಪ?” ಎಂದು ಕೇಳಿದರು.

ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ನೋಡಿದಾಗ ತಿಳಿದದ್ದು ಬೇರೆಯೇ. ರಿಟರ್ನ್‌ನ ಪರಿಶೀಲನೆ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಬಡ್ಡಿ ಸೇರಿಸಿ 31,930 ರೂಪಾಯಿ ಕೊಡಬೇಕೆಂಬ ಆದೇಶವೂ ಆಗಿತ್ತು. ಹಣ ಖಾತೆಗೆ ಹೋಗಿ ವಾಪಸಾಗಿತ್ತು. ಪ್ಯಾನ್‌ನಲ್ಲಿ ತಂದೆಯ ಹೆಸರು, ಊರಿನ ಹೆಸರು ಎಲ್ಲವೂ ಬಿಡಿಸಿ ಬರೆದಿವೆ; ಬ್ಯಾಂಕಿನ ಖಾತೆಯಲ್ಲಿ ಬರಿಯ ಇನಿಷಿಯಲ್‌ಗಳು. ಎರಡು ಹೆಸರುಗಳು ಒಬ್ಬರವೇ ಎಂದು ಯಂತ್ರಕ್ಕೆ ಅನ್ನಿಸಲಿಲ್ಲ. ಇಲಾಖೆ ತಡಮಾಡುತ್ತಿದೆ ಎಂದು ಅವರು ನಾಲ್ಕು ತಿಂಗಳು ನೊಂದುಕೊಂಡಿದ್ದರು. ಆ ನಾಲ್ಕು ತಿಂಗಳೂ ಮುಂದಿನ ಹೆಜ್ಜೆ ಇಡಬೇಕಾದವರು ಅವರೇ ಎಂಬುದು ಅವರಿಗೆ ಯಾರಿಂದಲೂ ತಿಳಿಯಲಿಲ್ಲ.

ರೀಫಂಡ್ ಬಂದಿಲ್ಲ ಎಂಬ ಒಂದೇ ಮಾತಿನ ಹಿಂದೆ ಹಲವು ಬಗೆಯ ಕಾಯುವಿಕೆಗಳಿವೆ. ಕಡತ ನಿಮ್ಮ ಕೈಯಲ್ಲೇ ಇರಬಹುದು, ಬ್ಯಾಂಕಿನ ಕೈಯಲ್ಲಿರಬಹುದು, ಟಿಡಿಎಸ್ ಕಡಿದವರ ಕೈಯಲ್ಲಿರಬಹುದು, ಇಲಾಖೆಯ ಗಣಕವ್ಯವಸ್ಥೆಯಲ್ಲೋ ಅಧಿಕಾರಿಯ ಮೇಜಿನ ಮೇಲೋ ಇರಬಹುದು. ಎಲ್ಲಿದೆ ಎಂದು ತಿಳಿಯದೆ ದೂರು ಕೊಟ್ಟರೆ ಸಿದ್ಧ ಉತ್ತರವೊಂದು ಬರುತ್ತದೆ, ಅಷ್ಟೆ.

ಈ ತಡದ ಸ್ವರೂಪವೇ ಈಗ ಬದಲಾಗಿದೆ. ಕಾಗದದ ಕಾಲದಲ್ಲಿ ರೀಫಂಡ್ ತಡವಾಗುತ್ತಿದ್ದುದಕ್ಕೆ ಕಟ್ಟುಕಟ್ಟು ಕಡತಗಳು, ಸಾಲದ ಸಿಬ್ಬಂದಿ, ಅಂಚೆಯಲ್ಲಿ ಕಳೆದುಹೋಗುವ ಚೆಕ್ಕು ಕಾರಣವಾಗಿದ್ದವು. ಆಮೇಲೆ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಎಲ್ಲರೂ ಹೇಳುವ ಸಿಪಿಸಿ, ಶುರುವಾಯಿತು. ಕಾಶ್ಮೀರದವರ ರಿಟರ್ನ್ ಇರಲಿ, ಕಲಬುರಗಿಯವರ ರಿಟರ್ನ್ ಇರಲಿ, ಲೆಕ್ಕ ತಾಳೆಯಾಗುವುದು ಇಲ್ಲೇ. ರಿಟರ್ನ್ ದೃಢೀಕರಿಸಲು ಸಹಿ ಮಾಡಿದ ಐಟಿಆರ್-ವಿ ಹಾಳೆಯನ್ನು ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿಯ ವಿಳಾಸಕ್ಕೆ ಕಳುಹಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. 2019ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಈ ಸಿಪಿಸಿಯ ಎರಡನೇ ಆವೃತ್ತಿಗೆ 4,241.97 ಕೋಟಿ ರೂಪಾಯಿ ಮಂಜೂರು ಮಾಡಿತು, ಕೆಲಸ ಇನ್ಫೊಸಿಸ್ ಪಾಲಾಯಿತು. ಒಂದು ರಿಟರ್ನ್‌ಗೆ ಹಿಡಿಯುತ್ತಿದ್ದ 63 ದಿನಗಳನ್ನು ಒಂದು ದಿನಕ್ಕೆ ಇಳಿಸುವುದಾಗಿ ಸರ್ಕಾರ ಆಗ ಹೇಳಿತ್ತು. ತೊಡಕಿಲ್ಲದ ರಿಟರ್ನ್‌ಗಳು ಈಗ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ ಮುಗಿಯುವುದೂ ಉಂಟು. ವ್ಯವಸ್ಥೆಗೆ ಇಷ್ಟು ವೇಗವಿರುವುದರಿಂದಲೇ, ಈಗ ಯಾವುದಾದರೂ ರಿಟರ್ನ್ ತಿಂಗಳುಗಟ್ಟಲೆ ನಿಂತಿದ್ದರೆ ಅದನ್ನು ಒಂದು ನಿಯಮವೋ ಒಬ್ಬ ಅಧಿಕಾರಿಯೋ ನಿಲ್ಲಿಸಿರುವ ಸಾಧ್ಯತೆಯೇ ಹೆಚ್ಚು. ನಿಲ್ಲಿಸಿದ್ದಕ್ಕೆ ಕಾರಣ ಇದ್ದೇ ಇರುತ್ತದೆ. ಆ ಕಾರಣ ಹಣದ ಒಡೆಯನಿಗೆ ತಿಳಿಯಬೇಕು ಎಂಬುದಷ್ಟೇ ನನ್ನ ವಾದ.

ಮೊದಲು ನಮ್ಮ ಕೈಯಲ್ಲಿರುವುದನ್ನು ನೋಡಿಬಿಡೋಣ. ರಿಟರ್ನ್ ಸಲ್ಲಿಸಿದ ಮೇಲೆ 30 ದಿನಗಳೊಳಗೆ ಅದನ್ನು ಆಧಾರ್ ಒಟಿಪಿಯಿಂದಲೋ ನೆಟ್‌ಬ್ಯಾಂಕಿಂಗ್ ಮೂಲಕವೋ ದೃಢೀಕರಿಸಬೇಕು. 2022ರ ಆಗಸ್ಟ್‌ಗೆ ಮೊದಲು ಇದಕ್ಕೆ 120 ದಿನಗಳಿದ್ದವು. ಹಳೆಯ ಲೆಕ್ಕದಲ್ಲೇ ಇರುವವರು ಇಂದಿಗೂ ಎಡವುತ್ತಾರೆ. ದೃಢೀಕರಿಸದ ರಿಟರ್ನ್ ಕಾನೂನಿನ ಕಣ್ಣಿನಲ್ಲಿ ಇಲ್ಲದ ರಿಟರ್ನ್. ಎರಡನೆಯದು ಪ್ಯಾನ್–ಆಧಾರ್ ಜೋಡಣೆ. ಜೋಡಣೆಯಾಗದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ಅಂಥ ಪ್ಯಾನ್‌ಗೆ ರೀಫಂಡ್ ಬರುವುದಿಲ್ಲ, ನಿಷ್ಕ್ರಿಯವಾಗಿದ್ದ ಅವಧಿಗೆ ಬಡ್ಡಿಯೂ ಇಲ್ಲ. ಮೂರನೆಯದು ಬ್ಯಾಂಕ್ ಖಾತೆ. ಕರ್ನಾಟಕದವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾದವು. ನಮ್ಮ ಕರಾವಳಿ ಮತ್ತು ಹಳೆ ಮೈಸೂರಿನ ಮನೆಮನೆಯ ಪಾಸ್‌ಬುಕ್‌ಗಳ ಐಎಫ್‌ಎಸ್‌ಸಿ ಬದಲಾಯಿತು. ಬಹುಕಾಲ ರೀಫಂಡ್ ಬರುವ ಸಂದರ್ಭವೇ ಇಲ್ಲದಿದ್ದವರ ಪೋರ್ಟಲ್ ಪುಟದಲ್ಲಿ ಹಳೆಯ ವಿವರವೇ ಉಳಿದಿರುವುದು ಅಪರೂಪವಲ್ಲ. ಹೆಸರಿನ ಇನಿಷಿಯಲ್ ತೊಡಕಂತೂ ಮೇಲೆ ಹೇಳಿದಂತೆ ನಮ್ಮಲ್ಲಿ ಮಾಮೂಲು.

ಪೋರ್ಟಲ್‌ನಲ್ಲಿ ಇ-ಫೈಲ್, ಅದರೊಳಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅದರೊಳಗೆ ವ್ಯೂ ಫೈಲ್ಡ್ ರಿಟರ್ನ್ಸ್ ಎಂಬಲ್ಲಿಗೆ ಹೋದರೆ ರಿಟರ್ನ್‌ನ ಹೆಜ್ಜೆಗಳು ಕಾಣುತ್ತವೆ. ಅಲ್ಲಿ ‘ರೀಫಂಡ್ ಫೇಲ್ಡ್’ ಎಂದಿದ್ದರೆ ಬ್ಯಾಂಕ್ ಖಾತೆಯನ್ನು ಸರಿಪಡಿಸಿ, ಮರುಬಿಡುಗಡೆಗೆ ಪೋರ್ಟಲ್‌ನಲ್ಲೇ ಕೋರಿಕೆ ಸಲ್ಲಿಸಬೇಕು. ‘ಪ್ರೊಸೆಸ್ಡ್’ ಎಂದಿದ್ದೂ ಹಣ ಬಾರದಿದ್ದರೆ ಸೆಕ್ಷನ್ 143(1)ರ ಮಾಹಿತಿಪತ್ರವನ್ನು ಇಳಿಸಿಕೊಂಡು ಓದಬೇಕು. ಅದರಲ್ಲಿ ಒಂದು ಕಾಲಂ ನೀವು ಕೊಟ್ಟ ಲೆಕ್ಕ, ಪಕ್ಕದ ಕಾಲಂ ಸಿಪಿಸಿ ಹಾಕಿದ ಲೆಕ್ಕ. ಎರಡೂ ಯಾವ ಸಾಲಿನಲ್ಲಿ ಬೇರೆಯಾಗುತ್ತವೆಯೋ ನಿಮ್ಮ ಹಣ ನಿಂತಿರುವುದು ಅಲ್ಲಿ. ಹತ್ತಾರು ಪುಟಗಳಿದ್ದರೂ ಹೆದರಬೇಕಿಲ್ಲ. ಹುಡುಕಬೇಕಾದದ್ದು ಆ ಒಂದು ಸಾಲನ್ನು ಮಾತ್ರ.

ಬಹಳ ಸಲ ಆ ಸಾಲು ಟಿಡಿಎಸ್‌ನದಾಗಿರುತ್ತದೆ. ಕಡಿದವರು ಇಲಾಖೆಗೆ ಲೆಕ್ಕ ಒಪ್ಪಿಸದಿದ್ದರೆ, ಅಥವಾ ನಿಮ್ಮ ಪ್ಯಾನ್‌ನ ಒಂದು ಅಕ್ಷರ ತಪ್ಪಿಸಿದ್ದರೆ, ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಆ ಮೊತ್ತ ಕಾಣುವುದಿಲ್ಲ. ಅಲ್ಲಿ ಕಾಣದ ಹಣವನ್ನು ಸಿಪಿಸಿ ಹಿಂದಿರುಗಿಸುವುದಿಲ್ಲ. ಸಂಬಳದಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟದೆ ಕಂಪನಿ ಮುಳುಗಿದರೆ ನೌಕರನ ಪಾಡು ನಿಜಕ್ಕೂ ಕಷ್ಟದ್ದು. ಸೆಕ್ಷನ್ 205ರ ಪ್ರಕಾರ, ಸಂಬಳದಿಂದ ಕಡಿತವಾದಷ್ಟು ತೆರಿಗೆಯನ್ನು ಮತ್ತೆ ಆತನಿಂದಲೇ ವಸೂಲಿ ಮಾಡುವಂತಿಲ್ಲ. ಆದರೆ ವಸೂಲಿ ಮಾಡದಿರುವುದು ಬೇರೆ, ರೀಫಂಡ್ ಕೊಡುವುದು ಬೇರೆ. ಸಂಬಳದ ಚೀಟಿ, ಬ್ಯಾಂಕಿನ ದಾಖಲೆ ಇಟ್ಟುಕೊಂಡು ತನ್ನ ವ್ಯಾಪ್ತಿಯ ಅಧಿಕಾರಿಯ ಬಳಿಗೆ ಆತ ಅಲೆಯಬೇಕಾಗುತ್ತದೆ. ತಪ್ಪು ಮಾಡಿದವನು ಒಬ್ಬ, ಸವೆಯುವುದು ಇನ್ನೊಬ್ಬನ ಚಪ್ಪಲಿ.

ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಇದೇ ತೊಂದರೆ ದೊಡ್ಡ ಮೊತ್ತದಲ್ಲಿ ಎದುರಾಗುತ್ತದೆ. ಮೈಸೂರಿನಲ್ಲಿ ಹಲವು ವರ್ಷಗಳಿಂದ ಇದ್ದ ನಿವೇಶನವನ್ನು 40 ಲಕ್ಷಕ್ಕೆ ಮಾರಿದರು ಎನ್ನಿ. ನಿಜವಾದ ಲಾಭ 10 ಲಕ್ಷ. ಮಾರಿದವರು ಅನಿವಾಸಿಯಾಗಿದ್ದರೆ ಖರೀದಿದಾರರು ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆ ಶೇ 12.5 ತೆರಿಗೆ, ಅದರ ಮೇಲೆ ಶೇ 4 ಸೆಸ್ ಸೇರಿ 5.2 ಲಕ್ಷ ಕಡಿಯುತ್ತಾರೆ. ಕಟ್ಟಬೇಕಾದ ತೆರಿಗೆ 1.3 ಲಕ್ಷ. ಉಳಿದ 3.9 ಲಕ್ಷ ರೀಫಂಡ್ ಆಗಿಯೇ ಬರಬೇಕು. ಖರೀದಿದಾರರು ತಿಳಿಯದೆ ನಿವಾಸಿಗಳಿಗೆ ಬಳಸುವ ನಮೂನೆಯಲ್ಲಿ ಹಣ ಕಟ್ಟಿಬಿಟ್ಟರೆ ತಾಳೆ ಹಾಕುವುದೇ ಒಂದು ಸಾಹಸ. ಮಾರುವ ಮೊದಲೇ ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಒಳ್ಳೆಯ ದಾರಿ. ಒಪ್ಪಂದದ ಅವಸರದಲ್ಲಿ ಅದು ಎಷ್ಟೋ ಜನರಿಗೆ ನೆನಪಾಗುವುದಿಲ್ಲ.

ಮತ್ತೊಂದು ಕಾರಣ ಹಳೆಯ ಬಾಕಿ. ಯಾವುದೋ ವರ್ಷದ ತೆರಿಗೆ ಬಾಕಿ ಇಲಾಖೆಯ ದಾಖಲೆಯಲ್ಲಿದ್ದರೆ ಸೆಕ್ಷನ್ 245ರ ಅಡಿ ಈ ವರ್ಷದ ರೀಫಂಡನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಮೊದಲು ತಿಳಿವಳಿಕೆ ಪತ್ರ ಕಳುಹಿಸಬೇಕು. ಉತ್ತರಿಸಲು 21 ದಿನಗಳಿವೆ. ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಈ ಬಾಕಿಗಳಲ್ಲಿ ಎಷ್ಟೋ ಕಾಗದದ ಕಾಲದಿಂದ ಗಣಕಕ್ಕೆ ಏರಿದವು. ಆಗಲೇ ಕಟ್ಟಿದ ಚಲನ್ ಲೆಕ್ಕಕ್ಕೆ ಸೇರದೆ ಹುಟ್ಟಿಕೊಂಡ ಬಾಕಿಗಳೂ ಅವುಗಳಲ್ಲಿವೆ. ಹೀಗೆ ಮುಂಚಿತವಾಗಿ ತಿಳಿಸದೆ ರೀಫಂಡ್ ಹಿಡಿದುಕೊಳ್ಳುವುದರ ವಿರುದ್ಧ ದೆಹಲಿ ಹೈಕೋರ್ಟ್ ಸ್ವಯಂಪ್ರೇರಿತ ವಿಚಾರಣೆ ನಡೆಸಿ 2013ರ ಮಾರ್ಚ್‌ನಲ್ಲಿ ಇಲಾಖೆಗೆ ಕಟ್ಟುನಿಟ್ಟಿನ ನಿರ್ದೇಶನಗಳನ್ನು ಕೊಟ್ಟಿತು. 2024ರ ಮಧ್ಯಂತರ ಬಜೆಟ್‌ನಲ್ಲಿ ಸರ್ಕಾರವೇ ಮುಂದೆ ಬಂದು 2009-10ರವರೆಗಿನ 25,000 ರೂಪಾಯಿವರೆಗಿನ ಬಾಕಿಗಳನ್ನೂ, 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನ ಬಾಕಿಗಳನ್ನೂ ಕೈಬಿಟ್ಟಿತು. ಪ್ರಾಮಾಣಿಕರ ರೀಫಂಡ್‌ಗೆ ಇವು ಅಡ್ಡಿಯಾಗುತ್ತಿವೆ ಎಂದು ಬಜೆಟ್ ಭಾಷಣದಲ್ಲೇ ಒಪ್ಪಿಕೊಂಡದ್ದು ನನಗೆ ಮುಖ್ಯವಾಗಿ ಕಂಡಿತು. ಆದರೂ ದೊಡ್ಡ ಮೊತ್ತದ, ಆಮೇಲಿನ ವರ್ಷಗಳ ಬಾಕಿಗಳು ಹಾಗೇ ಇವೆ. ಪೋರ್ಟಲ್‌ನ ಪೆಂಡಿಂಗ್ ಆಕ್ಷನ್ಸ್ ವಿಭಾಗದಲ್ಲಿ ಅವುಗಳ ಪಟ್ಟಿ ಇರುತ್ತದೆ. ಒಪ್ಪದಿದ್ದರೆ ‘ಒಪ್ಪುವುದಿಲ್ಲ’ ಎಂದು ಕಾರಣ ಸಮೇತ ಅಲ್ಲೇ ದಾಖಲಿಸಬೇಕು. ಮಿಂಚಂಚೆಯಲ್ಲಿ ಬರೆದುಕೊಂಡರೆ ಸಾಲದು.

ಇನ್ನು 2025ರಲ್ಲಿ ಹೆಚ್ಚು ಜನರನ್ನು ಕಂಗೆಡಿಸಿದ ಸಂಗತಿ. 2025-26ರ ಅಸೆಸ್‌ಮೆಂಟ್ ವರ್ಷಕ್ಕೆ, ಅಂದರೆ 2024-25ರ ಹಣಕಾಸು ವರ್ಷದ ವರಮಾನಕ್ಕೆ, ರಿಟರ್ನ್ ಸಲ್ಲಿಸುವ ಕಡೆಯ ದಿನವೇ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ 16ಕ್ಕೆ ಹೋಗಿತ್ತು. ಅದರ ನಡುವೆ ಜುಲೈ 14ರಂದು ಇಲಾಖೆ ದೇಶದ 150ಕ್ಕೂ ಹೆಚ್ಚು ಕಡೆ ಶೋಧ ನಡೆಸಿತು. ಕಮಿಷನ್ ಪಡೆದು ಸುಳ್ಳು ಕಡಿತಗಳನ್ನು ತೋರಿಸಿ ರೀಫಂಡ್ ಕೊಡಿಸುವ ಮಧ್ಯವರ್ತಿಗಳ ಜಾಲ ಅದರ ಗುರಿ. ರಾಜಕೀಯ ಪಕ್ಷಗಳಿಗೆ ದೇಣಿಗೆ, ಶಿಕ್ಷಣ ಸಾಲದ ಬಡ್ಡಿ, ವೈದ್ಯಕೀಯ ವೆಚ್ಚ, ಹೀಗೆ ಇಲ್ಲದ್ದನ್ನು ಇದೆ ಎಂದು ತೋರಿಸಲಾಗಿತ್ತು. ಬೆಂಗಳೂರಿಗೆ ಇದು ಹೊಸದಲ್ಲ. 2018ರಲ್ಲೇ ಸಿಪಿಸಿ ಸಂಬಳದಾರರಿಗೆ ಇಂಥವರ ಮಾತಿಗೆ ಮರುಳಾಗದಿರಿ ಎಂದು ಎಚ್ಚರಿಕೆ ಕೊಟ್ಟಿತ್ತು. ಹೀಗಾಗಿ ಆ ವರ್ಷ ರೀಫಂಡ್ ಕೋರಿದ ರಿಟರ್ನ್‌ಗಳ ಮೇಲೆ ಜರಡಿ ಬಿಗಿಯಾಯಿತು. ದೊಡ್ಡ ಮೊತ್ತದವು ಮತ್ತು ಕೆಲವು ಬಗೆಯ ಕಡಿತ ಕೋರಿದವು ಪರಿಶೀಲನೆಯಲ್ಲಿವೆ ಎಂದು ಕೇಂದ್ರೀಯ ನೇರ ತೆರಿಗೆ ಮಂಡಳಿಯ ಅಧ್ಯಕ್ಷ ರವಿ ಅಗ್ರವಾಲ್ 2025ರ ನವೆಂಬರ್‌ನಲ್ಲಿ ಹೇಳಿದರು.

ಜರಡಿ ಹಿಡಿದದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಸುಳ್ಳು ಕ್ಲೇಮಿಗೆ ಹೋಗುವ ಹಣವೂ ನಮ್ಮೆಲ್ಲರದು. ಆಕ್ಷೇಪ ಇರುವುದು ತಿಳಿಸಿದ ಹೊತ್ತಿನ ಬಗ್ಗೆ. ‘ನಿಮ್ಮ ರೀಫಂಡ್ ಕೋರಿಕೆ ಅಪಾಯ ನಿರ್ವಹಣಾ ಪ್ರಕ್ರಿಯೆಯಲ್ಲಿ ಗುರುತಾಗಿದೆ, ತಪ್ಪಿದ್ದರೆ ಪರಿಷ್ಕೃತ ರಿಟರ್ನ್ ಸಲ್ಲಿಸಿ’ ಎಂಬ ಅರ್ಥದ ಸಂದೇಶಗಳು ಬಹಳ ಜನರಿಗೆ ತಲುಪಿದ್ದು ಡಿಸೆಂಬರ್‌ನ ಉತ್ತರಾರ್ಧದಲ್ಲಿ. ಪರಿಷ್ಕೃತ ರಿಟರ್ನ್‌ಗೆ ಆಗ ಕಡೆಯ ದಿನ ಡಿಸೆಂಬರ್ 31 ಆಗಿತ್ತು. ಯಾವ ಸಾಲಿನಲ್ಲಿ ಏನು ಹೊಂದಿಲ್ಲ ಎಂಬುದು ಹಲವರಿಗೆ ಸ್ಪಷ್ಟವಾಗಲಿಲ್ಲ. ನಿಜವಾಗಿ ಮನೆ ಬಾಡಿಗೆ ಕಟ್ಟಿದವರು, ನಿಜವಾಗಿ ದೇಣಿಗೆ ಕೊಟ್ಟವರು ಕೂಡ ಹೆದರಿ ಆಡಿಟರ್‌ಗಳ ಮನೆಬಾಗಿಲಿಗೆ ಹೋದರು. ಆಗಿನ ನಿಯಮದಲ್ಲಿ ಆ ದಿನ ದಾಟಿದ ಮೇಲೆ ಉಳಿಯುತ್ತಿದ್ದುದು ‘ನವೀಕರಿಸಿದ ರಿಟರ್ನ್’ ಮಾತ್ರ. ಅದರಲ್ಲಿ ರೀಫಂಡನ್ನು ಹೆಚ್ಚಿಸಿಕೊಳ್ಳುವಂತಿಲ್ಲ, ಮೇಲಾಗಿ ತಡವಾದಂತೆ ಶೇ 25ರಿಂದ ಶೇ 70ರವರೆಗೆ ಹೆಚ್ಚುವರಿ ತೆರಿಗೆ ಕಟ್ಟಬೇಕು. ಇಷ್ಟು ಭಾರದ ಪರಿಣಾಮ ಇರುವಾಗ ಸಂದೇಶ ಎರಡು ತಿಂಗಳು ಮೊದಲೇ, ಕಾರಣ ಸಮೇತ ಬರಬೇಕಿತ್ತು. ಯಂತ್ರ ಯಾವ ಸಾಲಿಗೆ ಕೆಂಪು ಗುರುತು ಹಾಕಿತೆಂದು ಇಲಾಖೆಗೆ ಗೊತ್ತಿದ್ದ ಮೇಲೆ ಅದನ್ನು ಪೋರ್ಟಲ್‌ನಲ್ಲಿ ತೋರಿಸುವುದು ಕಷ್ಟದ ಕೆಲಸವಲ್ಲ.

ಅಂಥ ಸಂದೇಶ ಬಂದವರು ದಾಖಲೆಗಳನ್ನು ಮುಂದಿಟ್ಟುಕೊಂಡು ರಿಟರ್ನ್, ಸಂಬಳದ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16 ಮತ್ತು ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್, ಈ ಮೂರನ್ನೂ ಸಾಲುಸಾಲಾಗಿ ಹೋಲಿಸಬೇಕು. ತಪ್ಪಿದ್ದರೆ ತಿದ್ದಬೇಕು. ಲೆಕ್ಕ ಸರಿಯಿದ್ದು ಪುರಾವೆ ಇದ್ದರೆ ಬರಿಯ ಭಯಕ್ಕೆ ನ್ಯಾಯವಾದ ಕಡಿತವನ್ನು ಬಿಟ್ಟುಕೊಡಬಾರದು. ಬಿಟ್ಟುಕೊಟ್ಟವರು ಹಲವರಿದ್ದಾರೆ, ಅದು ನನಗೆ ಬೇಸರದ ಸಂಗತಿ.

ಕಾಯಿಸಿದ್ದಕ್ಕೆ ಬಡ್ಡಿ ಇದೆ. ಸೆಕ್ಷನ್ 244ಎ ಪ್ರಕಾರ ತಿಂಗಳಿಗೆ ಶೇ 0.5. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಅಸೆಸ್‌ಮೆಂಟ್ ವರ್ಷದ ಏಪ್ರಿಲ್ 1ರಿಂದ, ತಡವಾಗಿ ಸಲ್ಲಿಸಿದ್ದರೆ ಸಲ್ಲಿಸಿದ ದಿನದಿಂದ ಲೆಕ್ಕ. ತಿಂಗಳ ಒಂದು ದಿನವಾದರೂ ಪೂರ್ತಿ ತಿಂಗಳೇ. ನಮ್ಮ ಟೀಚರ್ ಅವರ 31,000ಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು, ಶೇ 3, ಅಂದರೆ 930 ರೂಪಾಯಿ. ಸೆಪ್ಟೆಂಬರ್‌ನಿಂದ ಜನವರಿವರೆಗಿನ ನಾಲ್ಕು ತಿಂಗಳಿಗೆ ಬಡ್ಡಿ ನಿರೀಕ್ಷಿಸುವಂತಿಲ್ಲ, ಏಕೆಂದರೆ ತೆರಿಗೆದಾರರ ಕಡೆಯಿಂದಾದ ತಡವನ್ನು ಕಾನೂನು ಹೊರಗಿಡುತ್ತದೆ. ರೀಫಂಡ್ ಮೊತ್ತ ನೀವು ಕೊಡಬೇಕಾದ ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿಯೇ ಇಲ್ಲ: 1,20,000 ತೆರಿಗೆ ಇದ್ದು 11,000 ರೀಫಂಡ್ ಬಂದರೆ ಎಷ್ಟು ತಡವಾದರೂ ಅಸಲು ಮಾತ್ರ. ಈಗ ಇದನ್ನು ತಿರುಗಿಸಿ ನೋಡಿ. ನಾವು ತೆರಿಗೆ ತಡವಾಗಿ ಕಟ್ಟಿದರೆ ತಿಂಗಳಿಗೆ ಶೇ 1. ಅದೇ 31,000ವನ್ನು ಟೀಚರ್ ಆರು ತಿಂಗಳು ಬಾಕಿ ಉಳಿಸಿಕೊಂಡಿದ್ದರೆ 1,860 ರೂಪಾಯಿ ತೆರಬೇಕಿತ್ತು. ಒಂದೇ ಹಣ, ಒಂದೇ ಕಾಲ, ಕೊಡುವವರು ಬದಲಾದರೆ ದರ ಎರಡು ಪಟ್ಟು. ಇದನ್ನು ಸಮರ್ಥಿಸುವ ಒಂದು ನ್ಯಾಯವಾದ ಕಾರಣವನ್ನೂ ನಾನು ಈವರೆಗೆ ಕೇಳಿಲ್ಲ.

ಗಡುವಿನ ವಿಷಯದಲ್ಲೂ ಹಾಗೆಯೇ. ನಮಗೆ 30 ದಿನ, 21 ದಿನ. ಇಲಾಖೆಗೆ, ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು. 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ರಿಟರ್ನ್ ಅನ್ನು 2026ರ ಡಿಸೆಂಬರ್ 31ರವರೆಗೂ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆ ಗಡುವೂ ದಾಟಿದ ಪ್ರಸಂಗಗಳಿವೆ. ಸಿಪಿಸಿ ತಪ್ಪಾಗಿ ಅಸಿಂಧುಗೊಳಿಸಿದ್ದ ಹಳೆಯ ರಿಟರ್ನ್‌ಗಳನ್ನು ಪರಿಶೀಲಿಸಲು ಮಂಡಳಿ 2025ರಲ್ಲಿ ಸುತ್ತೋಲೆ ಹೊರಡಿಸಿ 2026ರ ಮಾರ್ಚ್ 31ರವರೆಗೆ ತನಗೆ ತಾನೇ ಸಮಯ ಕೊಟ್ಟುಕೊಂಡಿತು.

ದೂರು ಕೊಡುವ ದಾರಿಗಳಿವೆ. ಪೋರ್ಟಲ್‌ನಲ್ಲೇ ಕುಂದುಕೊರತೆ ವಿಭಾಗ, 1800 103 0025 ಸಹಾಯವಾಣಿ, ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್. ಬೆಂಗಳೂರಿನಲ್ಲಿದ್ದೇವೆ, ಸಿಪಿಸಿಗೇ ಹೋಗಿ ಕೇಳಿಬರೋಣ ಎಂದುಕೊಳ್ಳಬೇಡಿ. 2011ರ ಯೋಜನೆಯ ಪ್ರಕಾರ ಅಲ್ಲಿ ಯಾರೂ ಖುದ್ದಾಗಿ ಹಾಜರಾಗುವ ಪದ್ಧತಿಯಿಲ್ಲ. ದೂರು ಬರೆಯುವಾಗ ‘ರೀಫಂಡ್ ಬಂದಿಲ್ಲ’ ಎಂದು ನಿಲ್ಲಿಸಬೇಡಿ. ರಿಟರ್ನ್‌ನ ಸ್ವೀಕೃತಿ ಸಂಖ್ಯೆ, ದೃಢೀಕರಿಸಿದ ದಿನ, 26ಎಎಸ್‌ನಲ್ಲಿರುವ ಮೊತ್ತ, ಖಾತೆ ಮಾನ್ಯವಾಗಿದೆ ಎಂಬ ವಿವರ ಬರೆದು, ‘ಯಾವ ಕಾರಣಕ್ಕೆ, ಯಾವ ಸೆಕ್ಷನ್ ಅಡಿ ತಡೆಯಲಾಗಿದೆ’ ಎಂದು ಕೇಳಿ. ಸಿಪಿಸಿ ಕಡತವನ್ನು ವ್ಯಾಪ್ತಿಯ ಅಧಿಕಾರಿಗೆ ಕಳುಹಿಸಿದ್ದರೆ ಆ ಉತ್ತರದಲ್ಲೇ ಗೊತ್ತಾಗುತ್ತದೆ. ಆಮೇಲೆ ಪತ್ರ ಹೋಗಬೇಕಾದದ್ದು ಅವರಿಗೆ. ದೊಡ್ಡ ಮೊತ್ತ ವರ್ಷಗಟ್ಟಲೆ ನಿಂತರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕುವವರೂ ಇದ್ದಾರೆ. 31,000ಕ್ಕೆ ಯಾರು ಹೋಗುತ್ತಾರೆ?

ಕಾಯುತ್ತಿರುವವರನ್ನು ಹುಡುಕಿಕೊಂಡು ವಂಚಕರೂ ಬರುತ್ತಾರೆ. ‘ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಕೊಂಡಿ ಒತ್ತಿ ಖಾತೆ ವಿವರ ಕೊಡಿ’ ಎಂಬ ಸಂದೇಶ ರೀಫಂಡ್ ಕಾಲದಲ್ಲೇ ಹೆಚ್ಚು. ಇಲಾಖೆ ಒಟಿಪಿ, ಪಿನ್, ಕಾರ್ಡ್ ಸಂಖ್ಯೆ ಕೇಳುವುದಿಲ್ಲ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ದಾಖಲೆ ಸಂಖ್ಯೆ ಇರುತ್ತದೆ, ಅದು ಅಸಲಿಯೇ ಎಂದು ಪೋರ್ಟಲ್‌ನಲ್ಲಿ ನೋಡಬಹುದು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಅಸೆಸ್‌ಮೆಂಟ್ ವರ್ಷದ ಬದಲು ‘ತೆರಿಗೆ ವರ್ಷ’ ಎಂಬ ಮಾತು ಬಂದಿದೆ. ಹಿಂದಿನ ವರ್ಷಗಳ ರಿಟರ್ನ್‌ಗಳಿಗೆ ಹಳೆಯ ಕಾಯ್ದೆಯೇ ಅನ್ವಯ. ಮಸೂದೆಯ ಮೊದಲ ರೂಪದಲ್ಲಿ, ಗಡುವು ದಾಟಿ ರಿಟರ್ನ್ ಸಲ್ಲಿಸಿದವರಿಗೆ ರೀಫಂಡ್ ಇಲ್ಲ ಎಂಬ ಅರ್ಥ ಬರುವ ಸಾಲೊಂದಿತ್ತು. ಬೈಜಯಂತ್ ಪಾಂಡಾ ಅಧ್ಯಕ್ಷತೆಯ ಆಯ್ಕೆ ಸಮಿತಿ ಅದನ್ನು ತೆಗೆಯಲು ಹೇಳಿತು, ಸರ್ಕಾರ ಒಪ್ಪಿತು. ಜನ ಗಟ್ಟಿಯಾಗಿ ಕೇಳಿದ್ದರಿಂದ ಅದು ಹೋಯಿತು.

ಟೀಚರ್ ಮರುದಿನವೇ ಬ್ಯಾಂಕಿಗೆ ಹೋಗಿ ಪ್ಯಾನ್‌ನಲ್ಲಿರುವಂತೆ ಖಾತೆಯ ಹೆಸರು ತಿದ್ದಿಸಿದರು. ಪೋರ್ಟಲ್‌ನಲ್ಲಿ ಖಾತೆ ಮಾನ್ಯವಾಗಲು ಮೂರು ದಿನ ಹಿಡಿಯಿತು, ಅನಂತರ ಮರುಬಿಡುಗಡೆಗೆ ಕೋರಿಕೆ ಹಾಕಿದೆವು. ಫೆಬ್ರುವರಿಯಲ್ಲಿ 31,930 ರೂಪಾಯಿ ಬಂತು. ಅದರಲ್ಲಿ 930 ರೂಪಾಯಿ ಬಡ್ಡಿಯನ್ನು ಮುಂದಿನ ರಿಟರ್ನ್‌ನಲ್ಲಿ ವರಮಾನವಾಗಿ ತೋರಿಸಬೇಕು ಎಂದೆ. ಅವರು ಪಾಸ್‌ಬುಕ್‌ನ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ಬಡ್ಡಿ 930’ ಎಂದು ಬರೆದುಕೊಂಡರು.